ಗೋಡೆಗಿಂತ ಮೊದಲು ಗುರು
(ದತ್ತಿ ಉಪನ್ಯಾಸದ ಪಠ್ಯ)



ಸಾಂಗಲಿಯಲ್ಲಿ ನಿಂತು ಕನ್ನಡದಲ್ಲಿ ಮಾತಾಡುವುದಕ್ಕೆ ಹಳೆಯ ಪರಂಪರೆ ಇದೆ. 1919ರಲ್ಲಿ ಶುರುವಾದ ಇಲ್ಲಿನ ವಿಲಿಂಗ್ಡನ್ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ಕನ್ನಡ ಕಲಿಸಿದರು. ವಿ. ಕೃ. ಗೋಕಾಕರು ಅಲ್ಲಿ ಪ್ರಾಚಾರ್ಯರಾಗಿದ್ದರು. ಮುಗಳಿಯವರ ಕನ್ನಡ ಸಾಹಿತ್ಯ ಚರಿತ್ರೆಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಗೌರವ ಬಂದಾಗ ಅದು ಈ ಊರಿಗೂ ಬಂದ ಗೌರವವೇ ಆಗಿತ್ತು. ಆ ಹಿರಿಯರ ನೆಲದಲ್ಲಿ ನಿಂತು ಇವತ್ತು ಸಣ್ಣ ಮಕ್ಕಳ ಶಾಲೆಯ ಮಾತನ್ನು ಆಡಬೇಕೆಂದಿದ್ದೇನೆ.

ಈಚಿನ ವರ್ಷಗಳಲ್ಲಿ ಪುಣೆ, ಬೆಂಗಳೂರುಗಳ ನೌಕರಿ ಬಿಟ್ಟು ಊರಿಗೆ ಮರಳುವ ತರುಣ ತಂದೆತಾಯಂದಿರು ಹೆಚ್ಚುತ್ತಿದ್ದಾರೆ. ತಮ್ಮ ಮಗು ನಾಲ್ಕು ಗೋಡೆಯೊಳಗೆ ಕೂತು ಉರು ಹೊಡೆಯುವುದು ಅವರಿಗೆ ಬೇಡ. ನಿಸರ್ಗದ ಮಡಿಲಲ್ಲಿ ಕೈ, ಮನಸ್ಸು, ಬುದ್ಧಿ ಮೂರೂ ಒಟ್ಟಿಗೆ ಬೆಳೆಯುವಂಥ ಶಾಲೆ ಬೇಕು. ಇಲ್ಲದಿದ್ದರೆ ತಾವೇ ಕಟ್ಟುತ್ತೇವೆ ಎನ್ನುತ್ತಾರೆ. ಸಾಂಗಲಿ ಬಳಿಯ ಬುಧಗಾಂವದ ಸುತ್ತ ಹೊಲ ಇದ್ದವರೂ ಈ ಮಾತು ಆಡುವುದುಂಟು. ಆಸೆ ಒಳ್ಳೆಯದು, ನನಗೆ ಅದರ ಮೇಲೆ ಪೂರ್ಣ ಗೌರವವಿದೆ. ಆದರೆ ಮೊದಲು ಬರುವ ಪ್ರಶ್ನೆಗಳು ಯಾವಾಗಲೂ ಒಂದೇ: ಎಷ್ಟು ಎಕರೆ ಬೇಕು? ಮಣ್ಣಿನ ಕಟ್ಟಡವೋ ಬಿದಿರಿನದೋ? ಯಾವ ಬೋರ್ಡು? ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಯಾರು ಕಲಿಸುತ್ತಾರೆ? ಯಾರ ಮಕ್ಕಳು ಬರುತ್ತಾರೆ? ಯಾವ ಭಾಷೆಯಲ್ಲಿ ಕಲಿಯುತ್ತಾರೆ? ಇವಕ್ಕೆ ಉತ್ತರ ಸಿಕ್ಕಿದರೆ ಒಂದು ಬೇವಿನ ಮರದ ನೆರಳೂ ಶಾಲೆಗೆ ಸಾಕು. ಸಿಗದಿದ್ದರೆ ಹತ್ತು ಎಕರೆಯೂ ಸಾಲದು.

ಮೊದಲು ನೆಲವನ್ನು ನೋಡೋಣ. ಬುಧಗಾಂವ ಒಂದು ಕಾಲಕ್ಕೆ ಪಟವರ್ಧನರ ಕಿರಿಯ ಮಿರಜ ಸಂಸ್ಥಾನದ ರಾಜಧಾನಿ. ಇವತ್ತು ಸಾಂಗಲಿಯಿಂದ ತಾಸಗಾಂವಕ್ಕೆ ಹೋಗುವ ರಸ್ತೆಯ ಮೇಲಿನ ದೊಡ್ಡ ಹಳ್ಳಿ. ವಸಂತದಾದಾ ಪಾಟೀಲರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಇರುವುದರಿಂದ ಹೊರಗಿನವರಿಗೂ ಗೊತ್ತು. ಸುತ್ತ ಕಬ್ಬು, ದ್ರಾಕ್ಷಿ, ಅರಿಶಿನ. ಇಲ್ಲಿ ಕಾಡಿಲ್ಲ. ಜಿಲ್ಲೆಯ ಸಾಗರೇಶ್ವರ ಅಭಯಾರಣ್ಯವೂ ಮನುಷ್ಯರು ಗಿಡ ನೆಟ್ಟು, ಜಿಂಕೆ ತಂದು ಬಿಟ್ಟು ಬೆಳೆಸಿದ್ದು. ಆದ್ದರಿಂದ ‘ನಿಸರ್ಗ ಶಾಲೆ’ ಎಂದಾಗ ತೊರೆ, ಬೆಟ್ಟ, ಹಕ್ಕಿಗಳ ಚಿತ್ರ ಮನಸ್ಸಿನಲ್ಲಿದ್ದರೆ ಅದನ್ನು ಬದಿಗಿಡಬೇಕು. ಇಲ್ಲಿಯ ನಿಸರ್ಗವೆಂದರೆ ದುಡಿಯುವ ನೆಲ: ಎರೆಮಣ್ಣು, ಕಾಲುವೆ, ಡ್ರಿಪ್ಪಿನ ಪೈಪು, ಔಷಧ ಹೊಡೆಯುವ ಪಂಪು, ಕೃಷ್ಣೆಯ ಮಹಾಪೂರ. ಮಗು ಓದಬೇಕಾದದ್ದು ಇದನ್ನು.

ಅರಿಶಿನವನ್ನೇ ತೆಗೆದುಕೊಳ್ಳಿ. ಸಾಂಗಲಿಯ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಪ್ರಮಾಣಪತ್ರದಿಂದ ಮಗುವಿಗೆ ಏನೂ ಆಗಬೇಕಾಗಿಲ್ಲ. ಮಗುವಿಗೆ ಬೇಕಾದದ್ದು ಗಡ್ಡೆ. ಅಕ್ಷಯ ತೃತೀಯದ ಆಚೀಚೆ ಬಿತ್ತನೆಯ ಗಡ್ಡೆ ನೆಲಕ್ಕೆ ಬಿದ್ದರೆ ಒಂಬತ್ತು ತಿಂಗಳು ಹೊಲದಲ್ಲಿರುತ್ತದೆ. ಸಂಕ್ರಾಂತಿ ಕಳೆದ ಮೇಲೆ ಅಗೆಯುತ್ತಾರೆ. ತಾಯಿಗಡ್ಡೆ ಬೇರೆ, ಬೆರಳುಗಳು ಬೇರೆ. ಕುದಿಸುತ್ತಾರೆ, ಬಿಸಿಲಿಗೆ ಹರವುತ್ತಾರೆ, ಡ್ರಮ್ಮಿನಲ್ಲಿ ಹಾಕಿ ತಿರುಗಿಸಿ ಹೊಳಪು ಕೊಡುತ್ತಾರೆ. ಏಳೆಂಟು ವರ್ಷದ ಮಕ್ಕಳು ಐದು ಕಿಲೋ ಹಸಿ ಗಡ್ಡೆಯನ್ನು ತೂಗಿ ಬರೆದುಕೊಂಡು, ಒಣಗುತ್ತ ಹೋದಂತೆ ದಿನಕ್ಕೊಮ್ಮೆ ಮತ್ತೆ ತೂಗಲಿ. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಒಂದು ಕಿಲೋ. ನಾಲ್ಕು ಕಿಲೋ ಎಲ್ಲಿ ಹೋಯಿತು ಎಂದು ಮಗುವೇ ಕೇಳುತ್ತದೆ. ಕೇಳುವವರೆಗೆ ಮೇಷ್ಟ್ರು ಬಾಯಿ ಬಿಡಬಾರದು. ಭಿನ್ನರಾಶಿ, ಶೇಕಡಾ, ಆವಿಯಾಗುವಿಕೆ, ರೈತನ ಲೆಕ್ಕ, ಪೇಟೆಯ ದರ ಎಲ್ಲವೂ ಆ ಒಂದು ಪ್ರಶ್ನೆಯ ಹಿಂದೆ ಸಾಲಾಗಿ ನಿಂತಿರುತ್ತವೆ.

ಆಮೇಲೆ ಅದೇ ಅರಿಶಿನವನ್ನು ಪುಡಿಮಾಡಿ ನೀರಿಗೆ ಹಾಕಿ, ಚಿಟಿಕೆ ಸುಣ್ಣ ಬೆರೆಸಲಿ. ಹಳದಿ ಕೆಂಪಾಗುತ್ತದೆ. ಆರತಿಯ ತಟ್ಟೆಯಲ್ಲಿ ಅಜ್ಜಿ ಮಾಡುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಈಗ ನಿಂಬೆಹಣ್ಣು ಹಿಂಡಲಿ, ಕೆಂಪು ಹಿಂದೆ ಸರಿದು ಹಳದಿ ಮರಳುತ್ತದೆ. ಅಂಗಿಯ ಮೇಲಿನ ಅರಿಶಿನದ ಕಲೆಗೆ ಸಾಬೂನು ತಾಗಿದಾಗ ಕೆಂಪಾಗುವುದು ಏಕೆ ಎಂದು ಒಬ್ಬ ಹುಡುಗಿಯಾದರೂ ಕೇಳದೆ ಇರಳು. ಆಮ್ಲ, ಕ್ಷಾರ ಎಂಬ ಹೆಸರುಗಳನ್ನು ಹೇಳುವ ಸಮಯ ಅದು. ಹೈಸ್ಕೂಲಿನಲ್ಲಿ ಲಿಟ್ಮಸ್ ಕಾಗದ ಸಿಕ್ಕಾಗ ಆ ಹುಡುಗಿಗೆ ಅದು ಹೊಸ ವಸ್ತು, ಹಳೆಯ ವಿಷಯ.

ಸಾಂಗಲಿ ಬಳಿಯ ಹರಿಪುರದ ಪೇವುಗಳನ್ನೂ ಮಕ್ಕಳಿಗೆ ತೋರಿಸಬೇಕು. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹಗೇವಿನ ಹಾಗೆ ನೆಲದಡಿ ತೋಡಿದ ಆಳವಾದ ಉಗ್ರಾಣಗಳು. ಅರಿಶಿನ ಅದರೊಳಗೆ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತಿತ್ತು. ಒಳಗೆ ಇಳಿಯುವ ಮುನ್ನ ಬಾಯಿ ತೆರೆದು ಗಾಳಿಯಾಡಲು ಬಿಡುತ್ತಿದ್ದರು. ಹುಳು ಏಕೆ ಬದುಕುವುದಿಲ್ಲ, ಮನುಷ್ಯ ಏಕೆ ತಟ್ಟನೆ ಇಳಿಯಬಾರದು? ಎರಡಕ್ಕೂ ಉತ್ತರ ಒಂದೇ, ಉಸಿರಾಡುವ ಗಾಳಿ ಇಲ್ಲ. 2005ರ ಪೂರದ ನೀರು ಪೇವುಗಳಿಗೆ ನುಗ್ಗಿ ಅಪಾರ ಅರಿಶಿನ ಹಾಳಾಯಿತು. ಅಲ್ಲಿಗೆ ವಿಜ್ಞಾನದ ಪಾಠ ಇತಿಹಾಸದ ಪಾಠವಾಗುತ್ತದೆ.

ಹೊಳೆಯ ಮಾತೂ ಹೀಗೆಯೇ. 1929ರಲ್ಲಿ ತೆರೆದ ಆಯರ್ವಿನ್ ಸೇತುವೆಯ ಬಳಿ ಕೃಷ್ಣೆಯ ಮಟ್ಟವನ್ನು ಅಡಿಗಳಲ್ಲಿ ಅಳೆಯುತ್ತಾರೆ. 40 ಅಡಿಗೆ ಎಚ್ಚರಿಕೆ, 45ಕ್ಕೆ ಅಪಾಯ. 2019ರ ಆಗಸ್ಟಿನಲ್ಲಿ ಅದು 57 ಅಡಿ ದಾಟಿತು. ಮಳೆಗಾಲದ ಮೂರು ತಿಂಗಳು ಮಕ್ಕಳು ಆ ಅಂಕಿಯನ್ನು ದಿನವೂ ಗೋಡೆಯ ಮೇಲೆ ಗುರುತಿಸಲಿ, ಪಕ್ಕದಲ್ಲಿ ಕೊಯ್ನಾ ಅಣೆಕಟ್ಟಿನಿಂದ ಬಿಟ್ಟ ನೀರನ್ನೂ ಬರೆಯಲಿ. ಕೊಯ್ನೆಯಲ್ಲಿ ಬಾಗಿಲು ತೆರೆದ ಎಷ್ಟು ಹೊತ್ತಿಗೆ ಸಾಂಗಲಿಯಲ್ಲಿ ನೀರು ಏರುತ್ತದೆ ಎಂಬುದು ಎರಡು ಗೆರೆಗಳ ನಡುವಿನ ಅಂತರದಲ್ಲಿ ಕಾಣುತ್ತದೆ. ಆಲಮಟ್ಟಿ ಅಣೆಕಟ್ಟಿನ ಬಗ್ಗೆ ಪ್ರತಿ ಪೂರದಲ್ಲೂ ಎರಡು ರಾಜ್ಯಗಳ ನಡುವೆ ಬಿಸಿ ಮಾತು ನಡೆಯುತ್ತದೆ. ಆ ಮಾತನ್ನು ಅಂಕಿಅಂಶ ಹಿಡಿದು ಆಡಬಲ್ಲ ನಾಗರಿಕರು ನಮಗೆ ಬೇಕಾಗಿದ್ದಾರೆ. ಹತ್ತು ವರ್ಷದ ಮಗುವಿನ ಕೈಗೆ ಪೆನ್ಸಿಲ್ಲು ಕೊಟ್ಟಾಗಲೇ ಆ ಕೆಲಸ ಶುರುವಾಗುತ್ತದೆ.

ನೆಲದ ನೋವನ್ನೂ ಮುಚ್ಚಿಡಬಾರದು. ಅತಿಯಾಗಿ ನೀರು ಹಾಯಿಸಿ ಹಾಯಿಸಿ ಕೃಷ್ಣೆಯ ದಂಡೆಯ ಎಷ್ಟೋ ಕಬ್ಬಿನ ಹೊಲಗಳು ಸವುಳು ಹಿಡಿದಿವೆ, ಮೇಲೆ ಉಪ್ಪು ಬೆಳ್ಳಗೆ ಕಾಣುತ್ತದೆ. ದ್ರಾಕ್ಷಿ ತೋಟದಲ್ಲಿ ಕೊಂಬೆ ಸವರುವ ಛಾಟಣಿಯಿಂದ ಕಟಾವಿನವರೆಗೆ ಔಷಧದ ಸಿಂಪರಣೆ ನಡೆದೇ ಇರುತ್ತದೆ. ನಿಸರ್ಗ ಶಾಲೆಯ ಬೇಲಿಯಾಚೆಗೆ ಇವೆಲ್ಲ ಇರುತ್ತವೆ. ಬೇಲಿಯೊಳಗೆ ಸಾವಯವ ತರಕಾರಿ ಬೆಳೆದು ಹೊರಗಿನದನ್ನು ನೋಡದಿದ್ದರೆ ಅಂಥ ಶಾಲೆ ಮಕ್ಕಳಿಗೆ ಸುಳ್ಳು ಹೇಳುತ್ತದೆ.

ಇಷ್ಟೆಲ್ಲ ಹೇಳುವುದು ಸುಲಭ, ಮಾಡಿಸುವವರು ಯಾರು? ಇಲ್ಲಿಯೇ ನನ್ನ ಮುಖ್ಯ ಮಾತು ಇದೆ. ಅದನ್ನು ಒಂದು ನಿಜ ಶಾಲೆಯ ಕಥೆಯ ಮೂಲಕ ಹೇಳುತ್ತೇನೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ರಾಯಲ್ಪಾಡಿನ ಬಳಿ, ಆಂಧ್ರದ ಗಡಿಗೆ ಹತ್ತಿಕೊಂಡು 1972ರಲ್ಲಿ ಒಂದು ಸಣ್ಣ ಶಾಲೆ ಹುಟ್ಟಿತು. ಹೆಸರು ನೀಲ್‌ಬಾಗ್. ಕಟ್ಟಿದವರು ಡೇವಿಡ್ ಹಾರ್ಸ್‌ಬರೋ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕನಾಗಿ ಭಾರತಕ್ಕೆ ಬಂದ ಇಂಗ್ಲಿಷರು. ಆಮೇಲೆ ಋಷಿ ವ್ಯಾಲಿ ಶಾಲೆಯಲ್ಲಿ ಕಲಿಸಿದರು, ಇಂಗ್ಲಿಷ್ ಶಿಕ್ಷಣದ ಸಂಸ್ಥೆಗಳಲ್ಲಿ ದುಡಿದರು, ಪಠ್ಯಪುಸ್ತಕಗಳನ್ನು ಬರೆದರು. ಹೆಸರು, ಹುದ್ದೆ ಎಲ್ಲ ಇದ್ದಾಗಲೇ ಹೆಂಡತಿ ಡೋರೀನ್ ಜೊತೆ ಆ ಒಣ ಭೂಮಿಗೆ ಹೋಗಿ ನೆಲೆಸಿದರು. ಬಂದ ಮಕ್ಕಳು ಸುತ್ತಲ ಹಳ್ಳಿಗಳ ಬಡ ರೈತರವರು, ಮನೆಮಾತು ಹೆಚ್ಚಿನವರದು ತೆಲುಗು. ಶುಲ್ಕವಿಲ್ಲ. ತರಗತಿ ಎಂಬ ವಿಂಗಡಣೆ ಇಲ್ಲ, ಪರೀಕ್ಷೆ ಇಲ್ಲ, ಬಹುಮಾನ ಇಲ್ಲ, ಹೊಡೆತ ಇಲ್ಲ. ಸಣ್ಣವರು ದೊಡ್ಡವರು ಒಂದೇ ಕೋಣೆಯಲ್ಲಿ ತಂತಮ್ಮ ಕೆಲಸ ಮಾಡುತ್ತಿದ್ದರು. ಲೆಕ್ಕ, ಭಾಷೆಗಳ ಜೊತೆಗೆ ಬಡಗಿ ಕೆಲಸ, ಕುಂಬಾರಿಕೆ, ಹೊಲಿಗೆ, ತೋಟಗಾರಿಕೆ ಸರಿಸಮನಾಗಿ ನಡೆಯುತ್ತಿದ್ದವು.

ಇದು ಬಂಧನವಿಲ್ಲದ ಆಟದ ಮನೆ ಎಂದು ತಿಳಿದರೆ ತಪ್ಪು. ಮಗು ತನ್ನ ಪಾಡಿಗೆ ಕಲಿಯಬೇಕಾದರೆ ಅದರ ಮುಂದಿನ ಹೆಜ್ಜೆ ಏನು ಎಂಬುದು ಗುರುವಿಗೆ ಸ್ಪಷ್ಟವಾಗಿ ಗೊತ್ತಿರಬೇಕು. ಪ್ರತಿ ಮಗುವಿಗೆ ನಾಳೆ ಯಾವ ಕಾರ್ಡು, ಯಾವ ಪುಸ್ತಕ, ಯಾವ ಉಪಕರಣ ಎಂದು ಗುರು ರಾತ್ರಿಯೇ ಸಿದ್ಧಮಾಡಿಕೊಂಡಿರಬೇಕು. ಸ್ವಾತಂತ್ರ್ಯ ಮಗುವಿನದು, ಶ್ರಮ ಗುರುವಿನದು. ಹಾರ್ಸ್‌ಬರೋ ಅದಕ್ಕಾಗಿ ಶಾಲೆಯ ಜೊತೆಗೇ ಶಿಕ್ಷಕರ ತರಬೇತಿಯನ್ನೂ ನಡೆಸಿದರು. ಒಮ್ಮೆಗೆ ಕೆಲವೇ ಜನ. ಅವರು ಅಲ್ಲೇ ಇದ್ದು, ಮಕ್ಕಳ ನಡುವೆ ಕಲಿತು, ತಂತಮ್ಮ ಊರಿಗೆ ಹೋಗಿ ಶಾಲೆ ತೆರೆಯಬೇಕು ಎಂಬುದು ಉದ್ದೇಶ. ಬೆಂಗಳೂರಿನ ವಿಕಾಸನ, ಮದನಪಲ್ಲಿ ಬಳಿಯ ಸುಮವನಂ ಶಾಲೆಗಳು ಹಾಗೆ ಹುಟ್ಟಿದವು. 1984ರಲ್ಲಿ ಹಾರ್ಸ್‌ಬರೋ ತೀರಿಕೊಂಡರು.

ಸಾಮಾನ್ಯವಾಗಿ ಇಂಥ ಕಥೆ ಇಲ್ಲಿಗೆ ಮುಗಿಯುತ್ತದೆ. ನೀಲ್‌ಬಾಗ್ ಕಥೆ ಮುಗಿಯಲಿಲ್ಲ. ಹಾರ್ಸ್‌ಬರೋ ಅವರ ಪ್ರಭಾವದಲ್ಲಿ ಬೆಳೆದ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಋಷಿ ವ್ಯಾಲಿಯ ಸುತ್ತಲಿನ ಹಳ್ಳಿಗಳಲ್ಲಿ ಒಬ್ಬರೇ ಶಿಕ್ಷಕರಿರುವ, ಹಲವು ವಯಸ್ಸಿನ ಮಕ್ಕಳಿರುವ ಸಣ್ಣ ಶಾಲೆಗಳನ್ನು ನಡೆಸಿದರು. ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೂ ಕಾರ್ಡು ಮಾಡಿದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು ಯುನಿಸೆಫ್ ನೆರವಿನಿಂದ ಹೋಗಿ ಅದನ್ನು ನೋಡಿದರು. ಮರಳಿ ಬಂದು, ಕೂತು, ತಾವೇ ಕನ್ನಡದಲ್ಲಿ ಕಾರ್ಡು ಬರೆದರು, ಹಾಡು ಕಟ್ಟಿದರು, ಆಟ ಜೋಡಿಸಿದರು. ಅದೇ ‘ನಲಿ-ಕಲಿ’. 2009-10ರಲ್ಲಿ ಅದು ಕರ್ನಾಟಕದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು, ಆಮೇಲೆ ಮೂರನೆಯದಕ್ಕೂ.

ಒಳ್ಳೆಯ ನಲಿ-ಕಲಿ ಕೋಣೆಗೆ ಬೆಳಗ್ಗೆ ಹೋಗಿ ನೋಡಿ. ಮಗು ಮೊದಲು ಹೊರಗೆ ಹೋಗಿ ಆಕಾಶ ನೋಡಿ ಬಂದು ಹವಾಮಾನ ನಕ್ಷೆಯಲ್ಲಿ ಮೋಡವೋ ಬಿಸಿಲೋ ಗುರುತು ಹಾಕುತ್ತದೆ. ಕಲಿಕಾ ಏಣಿಯ ಮುಂದೆ ನಿಂತು ತಾನು ಎಲ್ಲಿದ್ದೇನೆ ಎಂದು ಬೆರಳಿಟ್ಟು ನೋಡುತ್ತದೆ. ಗುರುತಿನ ಚಿತ್ರ ಹುಡುಕಿ ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ಅದು ಹೇಳಿದ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಟೀಚರಮ್ಮ, ಇನ್ನೊಂದರಲ್ಲಿ ಗೆಳೆಯರೇ ಗುರುಗಳು, ಮತ್ತೊಂದರಲ್ಲಿ ಮಗು ತಾನೊಂದೇ ಕಲಿಯುತ್ತದೆ. ಮೇಲೆ ಚಪ್ಪರದ ಹಗ್ಗದಲ್ಲಿ ಅವರೇ ಬರೆದ ಚಿತ್ರಗಳು ತೂಗುತ್ತಿರುತ್ತವೆ. ಜ್ವರ ಬಂದು ಎಂಟು ದಿನ ಬಾರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ, ಅದಕ್ಕೆ ಯಾರೂ ದಡ್ಡ ಎನ್ನುವುದಿಲ್ಲ.

ಎಲ್ಲ ಕೋಣೆಯೂ ಹೀಗಿಲ್ಲ ಎಂಬುದು ನಿಮಗೂ ಗೊತ್ತು. ಕಾರ್ಡನ್ನು ತಾವೇ ಬರೆದ ಶಿಕ್ಷಕರ ಕೈಯಲ್ಲಿ ಅದು ಜೀವಂತವಾಗಿತ್ತು, ಆದೇಶದ ಮೂಲಕ ಪಡೆದವರ ಕೈಯಲ್ಲಿ ಎಷ್ಟೋ ಕಡೆ ಹೊರೆಯಾಯಿತು. ಕೈಕೆಲಸದ ಮೂಲಕ ಕಲಿಸುವ ಗಾಂಧೀಜಿಯವರ ನಯೀ ತಾಲೀಮಿಗೂ ಇದೇ ಆಗಿತ್ತು. 1937ರ ವಾರ್ಧಾ ಸಮ್ಮೇಳನದಲ್ಲಿ ಹುಟ್ಟಿದ ಆ ದೊಡ್ಡ ವಿಚಾರ, ಸಿದ್ಧರಿಲ್ಲದ ಶಾಲೆಗಳಿಗೆ ತಲುಪಿದಾಗ ತಕಲಿ ತಿರುಗಿಸುವ ಪೀರಿಯಡ್ಡಾಗಿ ಉಳಿಯಿತು. ಗುರು ಸಿದ್ಧವಾಗದೆ ಪದ್ಧತಿ ಮಾತ್ರ ಬಂದರೆ ಹೀಗಾಗುತ್ತದೆ. ಆದರೂ ಗಡಿಯ ಒಣ ಭೂಮಿಯ ಒಂದು ಪುಟ್ಟ ಶಾಲೆಯ ವಿಚಾರ ಲಕ್ಷಾಂತರ ಬಡ ಮಕ್ಕಳವರೆಗೆ ಹರಿದು ಬಂದದ್ದು ನಮ್ಮ ಶಿಕ್ಷಣದ ಇತಿಹಾಸದಲ್ಲಿ ದೊಡ್ಡ ಘಟನೆ. ಅದಕ್ಕೆ ಸಿಗಬೇಕಾದ ಗೌರವ ಸಿಕ್ಕಿಲ್ಲ.

ನಿಮ್ಮ ಹತ್ತಿರದ ಉದಾಹರಣೆ ಬೇಕಾದರೆ ಕೊಲ್ಹಾಪುರ ಇದೆ. ಕಾದಂಬರಿಕಾರ ನಾ. ಸೀ. ಫಡಕೆಯವರ ಮಗಳು ಲೀಲಾತಾಯಿ ಪಾಟೀಲರು ಅಲ್ಲಿ 1985ರಲ್ಲಿ ಸೃಜನ ಆನಂದ ವಿದ್ಯಾಲಯ ತೆರೆದರು. ಅವರು ಬದುಕೆಲ್ಲ ಶಿಕ್ಷಕರಿಗೆ ತರಬೇತಿ ಕೊಟ್ಟವರು, ನಿವೃತ್ತಿಯ ವಯಸ್ಸಿನಲ್ಲಿ ಶಾಲೆ ಕಟ್ಟಿದರು. ಮರಾಠಿ ಮಾಧ್ಯಮ. ಎಕರೆಗಟ್ಟಲೆ ತೋಟವಿರಲಿಲ್ಲ, ಊರೇ ಅವರ ತೋಟ. ಮಕ್ಕಳು ಪೇಟೆಗೆ, ಕುಶಲಕರ್ಮಿಗಳ ಬಳಿಗೆ ಹೋಗಿ ನೋಡಿ, ಕೇಳಿ, ಬಂದು ಬರೆಯುತ್ತಿದ್ದರು. 2020ರಲ್ಲಿ ಅವರು ತೀರಿಕೊಂಡರು. ಮಿರಜದ ಸಿತಾರ, ತಂಬೂರಿ ಮಾಡುವವರ ಗಲ್ಲಿಗೆ ನಮ್ಮ ಎಷ್ಟು ಶಾಲೆಗಳು ಮಕ್ಕಳನ್ನು ಕರೆದುಕೊಂಡು ಹೋಗಿವೆ? ಒಣಗಿದ ಸೋರೆಯ ಬುರುಡೆ ನಾದದ ಪಾತ್ರೆಯಾಗುವುದನ್ನು ಕಂಡ ಮಗುವಿಗೆ ಕಂಪನ ಎಂದರೇನೆಂದು ಬಾಯಿಪಾಠ ಮಾಡಿಸಬೇಕಾಗಿಲ್ಲ. ಧಾರವಾಡದಲ್ಲಿ ಡಾ. ಸಂಜೀವ ಕುಲಕರ್ಣಿಯವರ ಬಾಲಬಳಗವೂ ನೋಡಿ ಬರಬೇಕಾದ ಶಾಲೆ. ಇನ್ನೂ ಹಿಂದಕ್ಕೆ ಹೋದರೆ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಪ್ರಯೋಗ ಮಾಡಿದರು, 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಒಬ್ಬರೇ ಬರೆದುಕೊಟ್ಟರು.

ಯಾರ ಮಕ್ಕಳು ಎಂಬ ಎರಡನೇ ಪ್ರಶ್ನೆ ಹೆಚ್ಚು ಕಠಿಣ. ರವೀಂದ್ರನಾಥ ಟಾಗೋರರಿಗೇ ಅದು ಕಾಡಿತು. 1901ರಲ್ಲಿ ಬೆರಳೆಣಿಕೆಯ ಹುಡುಗರೊಂದಿಗೆ ಶಾಂತಿನಿಕೇತನದ ಶಾಲೆ ಶುರುಮಾಡಿದರು. ಕಾಲ ಕಳೆದಂತೆ ಅದು ಪಟ್ಟಣದ ಉಳ್ಳವರ ಮಕ್ಕಳ ಶಾಲೆಯಾಗುತ್ತಿದೆ, ತಂದೆತಾಯಿಗಳ ನಿರೀಕ್ಷೆಗೆ ಬಗ್ಗುತ್ತಿದೆ ಎಂದು ಅವರಿಗೆ ಅನಿಸಿತು. 1924ರಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ಬೇರೆಯಾಗಿ ‘ಶಿಕ್ಷಾಸತ್ರ’ವನ್ನು ತೆರೆದರು. ಅದು ಮುಂದೆ ಶ್ರೀನಿಕೇತನಕ್ಕೆ ಹೋಯಿತು. ಅಷ್ಟು ದೊಡ್ಡವರಿಗೇ ಆದದ್ದು ನಮಗೆ ಆಗದೆ ಇರುತ್ತದೆಯೇ? ವರ್ಷಕ್ಕೆ ಲಕ್ಷ ರೂಪಾಯಿ ಶುಲ್ಕ ಕಟ್ಟಿ, ಕಾರಿನಲ್ಲಿ ಮಣ್ಣು ಮುಟ್ಟಲು ಬರುವ ಮಕ್ಕಳಷ್ಟೇ ಇರುವ ಶಾಲೆಯನ್ನು ಬುಧಗಾಂವದಲ್ಲಿ ಕಟ್ಟುವುದು ಬೇಡ. ದಸರೆ ದೀಪಾವಳಿ ಕಳೆಯುತ್ತಲೇ ಬೀಡಿನಿಂದ, ಜತ್ತದಿಂದ, ವಿಜಯಪುರದ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಈ ಸೀಮೆಗೆ ಬರುತ್ತವೆ. ಗುಡಿಸಲು ಹಾಕಿಕೊಂಡು ಬೇಸಿಗೆ ಹತ್ತಿರವಾಗುವವರೆಗೆ ಇರುತ್ತಾರೆ. ಅವರ ಮಕ್ಕಳು ಕಬ್ಬಿನ ಗಾಡಿಯ ನೆರಳಲ್ಲಿ ತಮ್ಮನನ್ನೋ ತಂಗಿಯನ್ನೋ ಎತ್ತಿಕೊಂಡು ಕೂತಿರುತ್ತಾರೆ. ಸಕ್ಕರೆ ಕಾರ್ಖಾನೆಗಳ ಬಳಿ ಈ ಮಕ್ಕಳಿಗಾಗಿ ‘ಸಾಖರ ಶಾಳಾ’ಗಳನ್ನು ನಡೆಸಿದವರಿದ್ದಾರೆ, ಅವರಿಗೆ ನಮಸ್ಕಾರ. ನಿಸರ್ಗದ ಬಗ್ಗೆ ಆ ಮಕ್ಕಳಿಗೆ ನಾವು ಕಲಿಸಬೇಕಾದದ್ದು ಕಡಿಮೆ, ಅವರಿಂದ ಕಲಿಯಬೇಕಾದದ್ದೇ ಹೆಚ್ಚು. ಅವರಿಗೆ ಬೇಕಾದದ್ದು ಅಕ್ಷರ, ಲೆಕ್ಕ, ಹೊಟ್ಟೆತುಂಬ ಊಟ, ಮತ್ತು ಹೆಸರು ಹಿಡಿದು ಕರೆಯುವ ಒಬ್ಬ ಗುರು. ಮಧ್ಯದಲ್ಲಿ ಬಂದು ಮಧ್ಯದಲ್ಲೇ ಹೋಗುವ ಮಗುವಿಗೆ ಏಣಿ-ಕಾರ್ಡಿನ ಪದ್ಧತಿಗಿಂತ ಒಗ್ಗುವುದು ಬೇರೊಂದಿಲ್ಲ. ಬಿಟ್ಟ ಮೆಟ್ಟಿಲನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಊರಿನ ಶಾಲೆಯಲ್ಲಿ ಅಲ್ಲಿಂದ ಮುಂದುವರಿಯಬಹುದು.

ಭಾಷೆಯ ವಿಷಯದಲ್ಲಿ ಕನ್ನಡಿಗರಾದ ನಾವು ಹೃದಯ ದೊಡ್ಡದು ಮಾಡಿಕೊಂಡು ಮಾತಾಡಬೇಕು. ಜತ್ತ ತಾಲ್ಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಅವು ಉಳಿಯಬೇಕು. ಬುಧಗಾಂವದಲ್ಲಿ ಹೆಚ್ಚಿನ ಮಕ್ಕಳ ಮನೆಮಾತು ಮರಾಠಿ, ಅಲ್ಲಿಯ ಶಾಲೆ ಮರಾಠಿಯಲ್ಲೇ ಇರಬೇಕು. ಕನ್ನಡ ಆಡುವ ಮಗು ಬಂದಾಗ ಅದರ ಮಾತಿನಲ್ಲೇ ಮೊದಲ ಅಕ್ಷರ ಹೇಳಿಕೊಡುವ ಒಬ್ಬರಾದರೂ ಇರಬೇಕು. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಗಡಿಯ ಮಗುವಿಗೆ ಎರಡೂ ಬಂದರೆ ಲಾಭವೇ. ಇಂಗ್ಲಿಷ್ ಮಾಧ್ಯಮದ ನಿಸರ್ಗ ಶಾಲೆ ಮಾತ್ರ ನನಗೆ ಒಪ್ಪಿಗೆಯಿಲ್ಲ. ಅಗೆಯುವ ಅಪ್ಪನ ಬಾಯಲ್ಲಿರುವ ಹೆಸರು ಮಗುವಿನ ಪುಸ್ತಕದಲ್ಲಿ ಇಲ್ಲದಿದ್ದರೆ ಹೊಲಕ್ಕೂ ಶಾಲೆಗೂ ಸಂಬಂಧ ಕಡಿದಂತೆಯೇ. ಇಂಗ್ಲಿಷನ್ನು ಒಂದು ಭಾಷೆಯಾಗಿ ಚೆನ್ನಾಗಿ ಕಲಿಸಿ. ಹಾರ್ಸ್‌ಬರೋ ಅದನ್ನೂ ಮಾಡಿ ತೋರಿಸಿದರು.

ಕಾನೂನಿನ ಮಾತು ಎರಡೇ ವಾಕ್ಯದಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಲಕ್ಷ ರೂಪಾಯಿಯವರೆಗೆ ದಂಡ ಬೀಳಬಹುದು, ಆದ್ದರಿಂದ ರಾಜ್ಯದ 2012ರ ಸ್ವಯಂ ಅರ್ಥಸಹಾಯಿತ ಶಾಲೆಗಳ ಕಾಯ್ದೆಯನ್ನು ಓದಿ ಅರ್ಜಿ ಹಾಕಿ. ಹತ್ತನೆಯ ತರಗತಿಗೆ ರಾಷ್ಟ್ರೀಯ ಮುಕ್ತ ಶಾಲೆಯ ಪರೀಕ್ಷೆಯ ದಾರಿ ಇದ್ದೇ ಇದೆ.

ಕಟ್ಟಬೇಕೆಂದಿರುವ ತರುಣರಿಗೆ ನನ್ನ ಮನವಿ ಇಷ್ಟು. ಹಣವನ್ನು ಕಟ್ಟಡಕ್ಕೆ ಸುರಿಯಬೇಡಿ, ಮೂವರು ಶಿಕ್ಷಕರ ಐದು ವರ್ಷದ ಸಂಬಳವನ್ನು ಮೊದಲು ಬ್ಯಾಂಕಿನಲ್ಲಿಡಿ. ಶಾಲೆ ತೆರೆಯುವ ಮುನ್ನ ಒಂದು ಪೂರ್ಣ ವರ್ಷ ನಿಮ್ಮೂರಿನ ಜಿಲ್ಲಾ ಪರಿಷತ್ ಶಾಲೆಗೆ ವಾರಕ್ಕೆ ಎರಡು ದಿನ ಹೋಗಿ, ಮುಖ್ಯಾಧ್ಯಾಪಕರ ಅಪ್ಪಣೆ ಪಡೆದು, ಅಲ್ಲಿಯ ಮಕ್ಕಳ ಜೊತೆ ಅರಿಶಿನ ತೂಗಿ, ಹೊಳೆಯ ಮಟ್ಟ ಬರೆಸಿ. ಆ ವರ್ಷದಲ್ಲಿ ನೀವು ತಯಾರಿಸಿದ ಪಾಠಗಳನ್ನು ಅಲ್ಲಿಯ ಶಿಕ್ಷಕರಿಗೆ ಕೊಟ್ಟು ಬನ್ನಿ. ಒಂದು ವೇಳೆ ನಿಮ್ಮ ಶಾಲೆ ತೆರೆಯದೆ ಹೋದರೂ ಆ ಪಾಠಗಳು ಅಲ್ಲಿ ಉಳಿಯುತ್ತವೆ. ಇಲ್ಲಿ ಕೂತಿರುವ ನಿವೃತ್ತ ಶಿಕ್ಷಕರಲ್ಲಿ ಕನ್ನಡ, ಮರಾಠಿ ಎರಡೂ ಬಲ್ಲವರು ಬಹಳ ಜನ ಇದ್ದೀರಿ. ಈ ಸಲ ಕಬ್ಬಿನ ಹಂಗಾಮು ಶುರುವಾದಾಗ ಹತ್ತಿರದ ಗುಡಿಸಲುಗಳಿಗೆ ಹೋಗಿ, ಸಂಜೆ ಒಂದು ತಾಸು ಆ ಮಕ್ಕಳಿಗೆ ಕೊಡಿ ಎಂದು ಕೈಮುಗಿದು ಕೇಳುತ್ತೇನೆ.